ಹೊರದೇಶದ ಹಳ್ಳಿಯಲ್ಲಿ ನೀರು, ನೈರ್ಮಲ್ಯ ಸಮೀಕ್ಷೆ: ವಿದ್ಯಾರ್ಥಿ ತಂಡಗಳಿಗೆ ಹಂತ ಹಂತದ ಮಾರ್ಗದರ್ಶಿ

ಸಮೀಕ್ಷೆಗೆಂದು ಹೋಗಿ ಬಂದ ವಿದ್ಯಾರ್ಥಿ ತಂಡಗಳು ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಫೋಟೊಗಳು ಸಾವಿರ ಇರುತ್ತವೆ, ಹಳ್ಳಿಯವರ ಮಾತು ಗಂಟೆಗಟ್ಟಲೆ ರೆಕಾರ್ಡ್ ಆಗಿರುತ್ತದೆ. ಆದರೆ ಬೇಸಿಗೆಯಲ್ಲಿ ಒರತೆಯಿಂದ ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ ಎಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಆ ಒಂದು ಅಂಕಿಗಾಗಿ ಮತ್ತೊಮ್ಮೆ ವಿಮಾನ ಹತ್ತಬೇಕಾಗುತ್ತದೆ.

ಇದಕ್ಕೆ ಕಾರಣ ಸೋಮಾರಿತನ ಅಲ್ಲ, ಕೆಲಸದ ಕ್ರಮ ತಲೆಕೆಳಗಾದದ್ದು. ಮೊದಲು ಟಿಕೆಟ್, ಆಮೇಲೆ ಸಲಕರಣೆ, ಪ್ರಶ್ನಾವಳಿ ವಿಮಾನದೊಳಗೆ. ಇಲ್ಲಿ ಕೊಟ್ಟಿರುವ ಕ್ರಮದಲ್ಲಿ ಟಿಕೆಟ್ ಬರುವುದು ಮೂರನೇ ಹಂತ ಮುಗಿದ ಮೇಲೆ. ಹೊರಡುವುದಕ್ಕೆ ಕನಿಷ್ಠ ಆರೇಳು ತಿಂಗಳ ಮೊದಲು ಶುರುಮಾಡಿ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಈ ಪ್ರವಾಸದಲ್ಲಿ ಏನನ್ನೂ ಕಟ್ಟುವುದಿಲ್ಲ. ಒಂದು ನಲ್ಲಿಯನ್ನೂ ಕೂರಿಸುವುದಿಲ್ಲ. ಹೋಗುವುದು ತಿಳಿದುಕೊಳ್ಳಲು ಮಾತ್ರ.

ಹಂತ 1: ವರದಿಯ ಖಾಲಿ ಕೋಷ್ಟಕ ಮೊದಲು ಬರೆಯಿರಿ

ವಾಪಸ್ ಬಂದ ಮೇಲೆ ಯಾವ ತೀರ್ಮಾನ ತೆಗೆದುಕೊಳ್ಳಬೇಕು ಎಂಬುದನ್ನು ಹೊರಡುವ ಮೊದಲೇ ಬರೆದಿಡಿ. ಸಾಮಾನ್ಯವಾಗಿ ಮುಂದಿರುವ ದಾರಿಗಳು ಇಷ್ಟು: ಕೆಟ್ಟ ಕೈಪಂಪಿನ ದುರಸ್ತಿ, ಒರತೆಗೆ ಕಟ್ಟೆ ಕಟ್ಟಿ ಇಳಿಜಾರಿನಲ್ಲಿ ಪೈಪ್ ಹಾಕುವುದು, ಮನೆಮಟ್ಟದಲ್ಲಿ ನೀರು ಶುದ್ಧ ಮಾಡುವುದು, ಶೌಚಾಲಯ. ಕೊನೆಯದು, ‘ಇಲ್ಲಿ ನಮ್ಮ ಅಗತ್ಯವಿಲ್ಲ’. ಈ ಐದನೆಯದನ್ನು ಕೋಷ್ಟಕದಲ್ಲಿ ಸೇರಿಸದ ತಂಡ ಆಗಲೇ ತೀರ್ಮಾನ ಮಾಡಿಕೊಂಡಿದೆ ಎಂದೇ ಅರ್ಥ.

ಒಂದೊಂದು ದಾರಿಗೂ ಬೇಕಾಗುವ ಮಾಹಿತಿ ಬೇರೆ. ಪೈಪ್‌ಲೈನ್ ಆದರೆ ಒರತೆಯ ಅತಿ ಕಡಿಮೆ ಹರಿವು, ಒರತೆಗೂ ಊರಿಗೂ ಇರುವ ಎತ್ತರದ ವ್ಯತ್ಯಾಸ, ಪೈಪ್ ಹಾಯುವ ಜಮೀನುಗಳ ಒಡೆಯರು. ಕೈಪಂಪು ಆದರೆ ಅದರ ಮಾದರಿ, ನೀರಿನ ಆಳ, ಯಾವ ಭಾಗ ಕೆಟ್ಟಿದೆ, ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿ ದುಡ್ಡು ಯಾರ ಕೈಯಲ್ಲಿದೆ. ಶೌಚಾಲಯ ಆದರೆ ಮಣ್ಣಿನ ಗುಣ, ಮಳೆಗಾಲದಲ್ಲಿ ಅಂತರ್ಜಲ ಎಷ್ಟು ಮೇಲೆ ಬರುತ್ತದೆ ಎಂಬ ವಿವರ.

ಪ್ರತಿ ಸಾಲಿಗೂ ನಾಲ್ಕು ಕಲಂ ಹಾಕಿ: ಯಾವ ಅಂಕಿ, ಯಾವ ಸಲಕರಣೆ, ಯಾರು ಅಳೆಯುತ್ತಾರೆ, ಎಷ್ಟು ಹೊತ್ತು ಬೇಕು. ಯಾವ ತೀರ್ಮಾನಕ್ಕೂ ಬೇಡದ ಸಾಲನ್ನು ಹೊಡೆದುಹಾಕಿ. ಪ್ರಶ್ನಾವಳಿ ಅರ್ಧಕ್ಕೆ ಇಳಿಯುತ್ತದೆ, ಉತ್ತರಿಸುವ ಹೆಂಗಸರ ಹೊತ್ತೂ ಉಳಿಯುತ್ತದೆ.

ಕೋಷ್ಟಕಕ್ಕೆ ಬಾರದ ಸಾಲು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಬಾಂಗ್ಲಾದೇಶವೇ ಸಾಕ್ಷಿ. ಕೆರೆ ಕುಂಟೆಗಳ ನೀರಿನಿಂದ ಬರುವ ಭೇದಿ ತಪ್ಪಿಸಲು 1970ರ ದಶಕದಿಂದ ಅಲ್ಲಿ ಕೊಳವೆಬಾವಿಗಳನ್ನು ಕೊರೆಸುತ್ತ ಹೋದರು. ಆ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ ಇದೆಯೇ ಎಂದು ಆಗ ಯಾರೂ ನೋಡಲಿಲ್ಲ. ಕೋಟ್ಯಂತರ ಜನ ಅದನ್ನೇ ಕುಡಿಯುತ್ತಿದ್ದಾರೆಂದು ಬೆಳಕಿಗೆ ಬಂದದ್ದು 1990ರ ದಶಕದಲ್ಲಿ.

ಎಚ್ಚರಿಕೆಯ ಗುರುತು: ತಂಡದಲ್ಲೊಬ್ಬರು ಫಿಲ್ಟರಿನ ನಕ್ಷೆ ಆಗಲೇ ಬರೆದಿಟ್ಟುಕೊಂಡಿದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರೆ, ಆ ಕುಲಾವಿಗೆ ಸರಿಹೊಂದುವ ತಲೆಯನ್ನೇ ಹಳ್ಳಿಯಲ್ಲಿ ಹುಡುಕುತ್ತ ಹೋಗುತ್ತೀರಿ.

ಹಂತ 2: ಕರೆದವರು ಯಾರು, ಒಪ್ಪಿಗೆ ಯಾರದು

ಊರಿನವರಿಂದ ಬರವಣಿಗೆಯಲ್ಲಿ ಕೋರಿಕೆ ಬಂದಿರಬೇಕು. ನಡುವೆ ಆ ದೇಶದ್ದೇ ಆದ ಒಂದು ಸ್ಥಳೀಯ ಸಂಸ್ಥೆ ಇರಬೇಕು; ನೀವು ವಾಪಸಾದ ಮೇಲೂ ಅಲ್ಲೇ ಇರುವವರು ಅವರು. ಅವರ ಜೊತೆ ಒಂದೆರಡು ಪುಟದ ಒಪ್ಪಂದ ಸಾಕು: ಯಾರ ಕೆಲಸ ಯಾವುದು, ಮಾಹಿತಿ ಯಾರದ್ದು, ಯಾವುದಕ್ಕೆ ನೀವು ಮಾತು ಕೊಡುವುದಿಲ್ಲ.

ಅಲ್ಲಿನ ನೀರಿನ ಇಲಾಖೆಗೂ ಆರೋಗ್ಯ ಇಲಾಖೆಗೂ ಮೊದಲೇ ಪತ್ರ ಬರೆಯಿರಿ. ಬೋರ್‌ವೆಲ್ ಕೊರೆದಾಗಿನ ದಾಖಲೆ, ಹಳೆಯ ನೀರು ಪರೀಕ್ಷೆಯ ಫಲಿತಾಂಶ, ಆರೋಗ್ಯ ಕೇಂದ್ರದ ಭೇದಿ ಪ್ರಕರಣಗಳ ಲೆಕ್ಕ ಎಷ್ಟೋ ಸಲ ಯಾವುದೋ ಕಪಾಟಿನಲ್ಲಿ ಇದ್ದೇ ಇರುತ್ತದೆ. ನೀವು ಎರಡು ವಾರ ಅಳೆಯಬೇಕೆಂದಿದ್ದುದು ಒಂದು ಪತ್ರಕ್ಕೆ ಸಿಕ್ಕಿಬಿಡಬಹುದು.

ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವುದನ್ನು ಹಲವು ವಿಶ್ವವಿದ್ಯಾಲಯಗಳು ಮನುಷ್ಯರ ಮೇಲಿನ ಸಂಶೋಧನೆ ಎಂದೇ ಎಣಿಸುತ್ತವೆ. ನೈತಿಕ ಸಮಿತಿಯ ಅನುಮತಿಗೆ ವಾರಗಳಲ್ಲ, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಹೋಗುವ ದೇಶದಲ್ಲೂ ಪ್ರತ್ಯೇಕ ಸಂಶೋಧನಾ ಪರವಾನಗಿ ಬೇಕಾಗಬಹುದು. ಪ್ರವಾಸಿ ವೀಸಾದಲ್ಲಿ ಸ್ವಯಂಸೇವೆ ಮಾಡಬಹುದೇ ಎಂಬುದನ್ನು ರಾಯಭಾರ ಕಚೇರಿಯಿಂದ ಬರವಣಿಗೆಯಲ್ಲೇ ಪಡೆಯಿರಿ. ಡ್ರೋನ್ ಆಸೆ ಇದ್ದರೆ ಅದಕ್ಕೂ ಬೇರೆ ಅನುಮತಿ. ಸಾಮಾನ್ಯವಾಗಿ ಅದಿಲ್ಲದೆಯೂ ಕೆಲಸ ನಡೆಯುತ್ತದೆ.

ಎಚ್ಚರಿಕೆಯ ಗುರುತು: ಏನು ಕೇಳಿದರೂ ‘ನೀವು ಬನ್ನಿ, ಎಲ್ಲ ಆಗುತ್ತದೆ’ ಎನ್ನುವ ಸಂಸ್ಥೆ.

ಹಂತ 3: ಋತು ನೋಡಿ ದಿನ ಗೊತ್ತುಮಾಡಿ

ಹೆಚ್ಚಿನ ತಂಡಗಳ ದಿನಾಂಕವನ್ನು ಕಾಲೇಜಿನ ರಜೆ ನಿರ್ಧರಿಸುತ್ತದೆ. ಒರತೆಗೆ ನಿಮ್ಮ ರಜೆ ಗೊತ್ತಿಲ್ಲ.

ನೀರಿನ ಪ್ರಮಾಣ ತಿಳಿಯಬೇಕಿದ್ದರೆ ಒಣಗಾಲದ ಕೊನೆಗೆ ಹೋಗಿ. ಮಲಿನತೆ ಎಷ್ಟು ಕೆಟ್ಟದಿರಬಹುದು ಎಂದು ನೋಡಬೇಕಿದ್ದರೆ ಮೊದಲ ಮಳೆಗಳ ಹೊತ್ತು. ನೆಲದ ಮೇಲಿನ ಕೊಳೆಯೆಲ್ಲ ಆಗ ಬಾವಿಗೆ ಇಳಿಯುತ್ತದೆ. ಒಂದೇ ಸಲ ಹೋಗಲು ಸಾಧ್ಯವಿದ್ದರೆ ಒಣಗಾಲದ ಕೊನೆಯನ್ನೇ ಆರಿಸಿಕೊಳ್ಳಿ. ಉಳಿದ ತಿಂಗಳುಗಳ ಹರಿವನ್ನು ಊರಿನವರೇ ಒಬ್ಬರು ಅಳೆದು ಬರೆದಿಡುವಂತೆ ಮಾಡಬಹುದು, ಅದಕ್ಕೆ ಕೊನೆಯ ಹಂತದಲ್ಲಿ ಬರುತ್ತೇನೆ. ಕೊಯ್ಲು, ಉಪವಾಸದ ತಿಂಗಳು, ಚುನಾವಣೆ ಇವುಗಳನ್ನು ತಪ್ಪಿಸಿ. ಟಿಕೆಟ್ ತೆಗೆಯುವುದು ಈಗ.

ಹಂತ 4: ತಂಡ ಮತ್ತು ಆರೋಗ್ಯ

ಐದಾರು ಜನ ಸಾಕು. ಹದಿನೈದು ಜನ ಹೋದರೆ ಅವರಿಗೆ ನೀರು ಹೊತ್ತು ತರುವುದೇ ಊರಿನ ಹೆಂಗಸರ ಪಾಲಿಗೆ ಹೊಸ ಕೆಲಸವಾಗುತ್ತದೆ. ಇಂಥ ಕೆಲಸ ಮಾಡಿ ಅನುಭವವಿರುವ ಎಂಜಿನಿಯರ್ ಒಬ್ಬರು ಇರಲೇಬೇಕು. ಪ್ರಶ್ನೆ ಕೇಳುವವರಲ್ಲಿ ಹೆಣ್ಣುಮಕ್ಕಳು ಇರಲೇಬೇಕು. ಒಬ್ಬರಿಗೆ ಮಾಹಿತಿ ಕಾಯುವ ಕೆಲಸ ಬಿಟ್ಟು ಬೇರೆ ಏನನ್ನೂ ವಹಿಸಬೇಡಿ.

ಪ್ರಯಾಣ ಆರೋಗ್ಯದ ವೈದ್ಯರನ್ನು ಆರರಿಂದ ಎಂಟು ವಾರ ಮೊದಲು ನೋಡಿ. ಹೆಪಟೈಟಿಸ್ ಎ, ಟೈಫಾಯ್ಡ್, ರೇಬಿಸ್ ಲಸಿಕೆಗಳ ಬಗ್ಗೆ ಕೇಳಿ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದು ಹಾಕಿಸಿಕೊಂಡ 10 ದಿನಗಳ ನಂತರ. ಹಿಂದಿನ ದಿನ ಹಾಕಿಸಿಕೊಂಡು ಹೋದವರು ಗಡಿಯಲ್ಲೇ ಸಿಕ್ಕಿಕೊಳ್ಳುತ್ತಾರೆ. ಮಲೇರಿಯಾ ಮಾತ್ರೆ ಊರಿಗೆ ಮರಳಿದ ಮೇಲೂ ಮುಂದುವರಿಯುತ್ತದೆ. ಎಷ್ಟು ದಿನ ಎಂಬುದು ಯಾವ ಮಾತ್ರೆ ಎಂಬುದರ ಮೇಲೆ. ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ.

ಆದರೆ ಪ್ರಯಾಣಿಕರ ಜೀವ ತೆಗೆಯುವುದರಲ್ಲಿ ರೋಗಗಳಿಗಿಂತ ರಸ್ತೆ ಅಪಘಾತವೇ ಮುಂದು. ಕತ್ತಲಾದ ಮೇಲೆ ವಾಹನ ಹತ್ತುವುದಿಲ್ಲ, ಸೀಟ್ ಬೆಲ್ಟ್ ಇಲ್ಲದ ಗಾಡಿ ಬೇಡ. ಈ ಎರಡು ನಿಯಮಗಳಿಗೆ ರಿಯಾಯಿತಿ ಇಲ್ಲ.

ಭೇದಿ ಶುರುವಾದ ಸದಸ್ಯರು ನೀರಿನ ಮೂಲದ ಹತ್ತಿರ ಸುಳಿಯಬಾರದು. ಇದು ಮಡಿ ಮೈಲಿಗೆಯ ಮಾತಲ್ಲ. 2010ರಲ್ಲಿ ಹೈಟಿಯಲ್ಲಿ ಕಾಲರಾ ಹಬ್ಬಿದ್ದು ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರದ ಕೊಳೆನೀರು ನದಿ ಸೇರಿದ್ದರಿಂದ. ಸಾವಿರಾರು ಜನ ಸತ್ತರು. ನೀವು ಉಳಿಯುವ ಜಾಗದ ಶೌಚಗುಂಡಿ ಎಲ್ಲಿಗೆ ಹರಿಯುತ್ತದೆ ಎಂಬುದೇ ಸಮೀಕ್ಷೆಯ ಮೊದಲ ಪ್ರಶ್ನೆಯಾಗಲಿ.

ಹಂತ 5: ಸಲಕರಣೆ, ಮತ್ತು ಮನೆಯಲ್ಲೇ ತಾಲೀಮು

ಗುರುತು ಹಾಕಿದ 20 ಲೀಟರ್ ಬಕೆಟ್, ಸ್ಟಾಪ್‌ವಾಚ್, 50 ಮೀಟರ್ ಟೇಪ್, ತೂಕ ಕಟ್ಟಿದ ಹಗ್ಗ, ಜಿಪಿಎಸ್, ಪಾರದರ್ಶಕ ಪೈಪಿನ ನೀರ್ಮಟ್ಟ ಅಥವಾ ಆಬ್ನಿ ಲೆವೆಲ್ (ಕೈಯಲ್ಲಿ ಹಿಡಿದು ಇಳಿಜಾರು ಅಳೆಯುವ ಸಾಧನ), ಕ್ಲೋರಿನ್ ಮತ್ತು ಪಿಎಚ್ ಕಿಟ್, ಕಲಕು ನೋಡುವ ಕೊಳವೆ, ಬ್ಯಾಕ್ಟೀರಿಯಾ ಪರೀಕ್ಷೆಯ ಸಾಮಾನು, ನೀರಿಗೆ ಒದ್ದೆಯಾಗದ ನೋಟ್‌ಬುಕ್, ಸೀಸದ ಕಡ್ಡಿ. ಬಕೆಟ್ಟಿಗೆ ಕಂಪನಿ ಹಾಕಿದ ಗುರುತನ್ನು ನಂಬಬೇಡಿ. ಅಳತೆಯ ಪಾತ್ರೆಯಿಂದ ನೀರು ಸುರಿದು ನೀವೇ ಗೆರೆ ಎಳೆಯಿರಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ದಾಟಿದರೆ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು. ಮಾದರಿ ಕೆಡದಂತೆ ಇಡಲು ಬಳಸುವ ನೈಟ್ರಿಕ್ ಆಸಿಡ್, ಸಲಕರಣೆ ಕ್ರಿಮಿಶುದ್ಧ ಮಾಡಲು ಬಳಸುವ ಮೆಥನಾಲ್ ಚೀಲದಲ್ಲಿ ಹಾಕಿಕೊಂಡು ಹೋಗುವ ವಸ್ತುಗಳಲ್ಲ. ಬೇಕಾದರೆ ಅಲ್ಲಿನ ಪ್ರಯೋಗಾಲಯದಿಂದಲೇ ಪಡೆಯುವ ಏರ್ಪಾಡು ಮಾಡಿ. ಆರ್ಸೆನಿಕ್ ಕಿಟ್ ಬಗ್ಗೆ ಬಹಳ ಜನ ಗಮನಿಸದ ಒಂದು ವಿಷಯ: ಪರೀಕ್ಷೆಯ ಹೊತ್ತಿನಲ್ಲಿ ಆರ್ಸೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಅನೇಕ ಕಿಟ್‌ಗಳ ಬಣ್ಣ ನೋಡುವ ಕಾಗದದ ಪಟ್ಟಿಯಲ್ಲಿ ಪಾದರಸದ ಸಂಯುಕ್ತ ಇರುತ್ತದೆ. ಬಯಲಿನಲ್ಲೇ ಮಾಡಿ, ಬಳಸಿದ ಪಟ್ಟಿಗಳನ್ನು ಹಳ್ಳಿಯಲ್ಲಿ ಎಸೆಯದೆ ಮುಚ್ಚಿದ ಡಬ್ಬಿಯಲ್ಲಿ ಸಂಗ್ರಹಿಸಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಪ್ರಯೋಗಾಲಯಕ್ಕೆ ಒಪ್ಪಿಸಿ.

ಹೊರಡುವ ಒಂದು ತಿಂಗಳ ಮೊದಲು ಹತ್ತಿರದ ಯಾವುದಾದರೂ ಹಳ್ಳದಲ್ಲಿ ಒಂದಿಡೀ ದಿನದ ತಾಲೀಮು ಮಾಡಿ. ಇದನ್ನು ಬಿಟ್ಟ ತಂಡವು ಕಿಟ್ಟಿನ ಸೂಚನಾ ಚೀಟಿಯನ್ನು ಮೊದಲ ಸಲ ಓದುವುದು ಊರವರೆಲ್ಲ ಸುತ್ತ ನಿಂತಿರುವಾಗ.

ಹಂತ 6: ಮೊದಲ ಎರಡು ದಿನ ಸಲಕರಣೆ ಹೊರತೆಗೆಯಬೇಡಿ

ಹಿರಿಯರನ್ನು ಕಾಣಿ. ಊರು ಸುತ್ತಿ. ಹೆಂಗಸರ ಗುಂಪಿನ ಜೊತೆ ಪ್ರತ್ಯೇಕವಾಗಿ ಕೂತು, ನೆಲದ ಮೇಲೆ ಕಡ್ಡಿ ಕಲ್ಲು ಇಟ್ಟು ಊರಿನ ನಕ್ಷೆ ಮಾಡಿಸಿ: ಕುಡಿಯಲು ಎಲ್ಲಿಂದ, ಬಟ್ಟೆಗೆ ಎಲ್ಲಿಂದ, ದನಕ್ಕೆ ಎಲ್ಲಿಂದ, ಬೇಸಿಗೆಯಲ್ಲಿ ಎಲ್ಲಿಗೆ ಹೋಗುತ್ತಾರೆ. ಗಂಡಸರ ನಕ್ಷೆಯಲ್ಲಿ ಒಂದು ಬಾವಿ ಇದ್ದರೆ ಹೆಂಗಸರ ನಕ್ಷೆಯಲ್ಲಿ ನಾಲ್ಕು ಮೂಲಗಳು ಇರುವುದುಂಟು.

ಬೆಳಗಿನ ಜಾವ ನೀರಿಗೆ ಹೋಗುವವರ ಜೊತೆ ನಡೆದು ಹೋಗಿ, ಗಡಿಯಾರ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಂಟಿಯಾಗಿ ಬಳಸುವ ಅಳತೆಗೋಲಿನಲ್ಲಿ, ಸುಧಾರಿತ ಮೂಲದ (ನಲ್ಲಿ, ಕೊಳೆ ಬೀಳದಂತೆ ಕಟ್ಟಿದ ಬಾವಿ ಮುಂತಾದ) ನೀರಿಗೆ ಹೋಗಿ, ಸರದಿಯಲ್ಲಿ ನಿಂತು, ವಾಪಸ್ ಬರಲು ಒಟ್ಟು 30 ನಿಮಿಷ ಮೀರದಿದ್ದರೆ ಅದು ‘ಮೂಲಭೂತ’ ಸೌಲಭ್ಯ, ಮೀರಿದರೆ ‘ಸೀಮಿತ’. ಸರದಿಯ ಹೊತ್ತನ್ನು ಬಿಟ್ಟು ಬರೀ ನಡಿಗೆ ಅಳೆಯುವುದು ಸಾಮಾನ್ಯ ತಪ್ಪು.

ಹಂತ 7: ಹರಿವು ಮತ್ತು ಎತ್ತರ

ಒರತೆಯ ನೀರೆಲ್ಲ ಒಂದೇ ಪೈಪಿನಿಂದ ಬೀಳುವಂತೆ ಮಣ್ಣು ಕಟ್ಟಿ, ಬಕೆಟ್ ಇಟ್ಟು, ತುಂಬಲು ಎಷ್ಟು ಸೆಕೆಂಡ್ ಎಂದು ನೋಡಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. 20 ಲೀಟರ್ ತುಂಬಲು 50 ಸೆಕೆಂಡ್ ಆದರೆ ನಿಮಿಷಕ್ಕೆ 24 ಲೀಟರ್, ದಿನಕ್ಕೆ 34,560 ಲೀಟರ್. ತಲೆಗೆ 40 ಲೀಟರ್ ಲೆಕ್ಕದಲ್ಲಿ ಇದು 864 ಜನಕ್ಕೆ ಸಾಕು ಎಂದು ಕಾಗದ ಹೇಳುತ್ತದೆ. ಆದರೆ ರಾತ್ರಿ ಹರಿದದ್ದು ತೊಟ್ಟಿ ಇದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕೆಳಗಿನ ಹೊಲದವರ ಪಾಲನ್ನೂ ಕಳೆಯಬೇಕು. ಆ ಹೊಲದವರನ್ನು ಕೇಳದೆ ಬಂದ ತಂಡ ಜಗಳವನ್ನು ಬಿತ್ತಿ ಬಂದಿರುತ್ತದೆ.

ಹಳ್ಳವಾದರೆ ಹತ್ತು ಮೀಟರ್ ನೇರ ಜಾಗ ಆರಿಸಿ ಕಡ್ಡಿ ತೇಲಿಬಿಟ್ಟು ಹೊತ್ತು ನೋಡಿ; ದೂರವನ್ನು ಸೆಕೆಂಡಿನಿಂದ ಭಾಗಿಸಿದರೆ ಮೇಲ್ಮೈ ವೇಗ. ಮೇಲ್ಮೈ ವೇಗವನ್ನು 0.85ರಿಂದ ಗುಣಿಸಿ, ಅಗಲ ಮತ್ತು ಸರಾಸರಿ ಆಳದಿಂದ ಗುಣಿಸಿದರೆ ಅಂದಾಜು ಹರಿವು. ಬಾವಿಯಾದರೆ ಬೆಳಗಿನ ಮೊದಲ ಕೊಡಕ್ಕಿಂತ ಮುಂಚೆ ಒಮ್ಮೆ, ಸಂಜೆ ಕೊನೆಯ ಕೊಡದ ನಂತರ ಒಮ್ಮೆ ನೀರಿನ ಮಟ್ಟ ಅಳೆಯಿರಿ.

ಎತ್ತರದ ವಿಷಯದಲ್ಲಿ ಮೊಬೈಲ್ ಜಿಪಿಎಸ್ ನಂಬಿ ಕೆಟ್ಟವರು ಬಹಳ. ಅಡ್ಡ ದೂರಕ್ಕಿಂತ ಎತ್ತರದಲ್ಲಿ ಅದರ ತಪ್ಪು ಹೆಚ್ಚು, ಹತ್ತು ಮೀಟರ್ ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ. ಪೈಪಿನಲ್ಲಿ 10 ಮೀಟರ್ ಎಂದರೆ ಸುಮಾರು ಒಂದು ಬಾರ್ ಒತ್ತಡ: ನೀರು ನಲ್ಲಿಗೆ ಬರುತ್ತದೋ ಇಲ್ಲವೋ ಎಂಬುದೇ ಅದರ ಮೇಲೆ ನಿಂತಿರಬಹುದು. ಗಾರೆಯವರ ನೀರು ತುಂಬಿದ ಪೈಪ್ ಸಾಕು, ನಿಧಾನ ಆದರೂ ನಿಖರ. ಒರತೆಯಿಂದ ಊರಿಗೆ ಅಳೆಯುತ್ತ ಇಳಿದು, ಮತ್ತೆ ಅಳೆಯುತ್ತ ಹತ್ತಿ. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸವೇ ನಿಮ್ಮ ತಪ್ಪಿನ ಅಳತೆ.

ಹಂತ 8: ನೀರಿನ ಮಾದರಿ

ತಂಡಗಳು ಅತಿ ಹೆಚ್ಚು ಸೋಲುವ ಹಂತ ಇದು. ಮೊದಲನೆಯ ತಪ್ಪು, ಮೂಲದಲ್ಲಿ ಮಾತ್ರ ಮಾದರಿ ತೆಗೆಯುವುದು. ಶುದ್ಧ ನೀರು ಮನೆಯ ಕೊಡದೊಳಗೆ ಕೆಡುವುದು ಅಪರೂಪವಲ್ಲ. ಅದೇ ನೀರಿನ ಎರಡು ಮಾದರಿ ತೆಗೆಯಿರಿ: ಬಾವಿಯಲ್ಲಿ ಒಂದು, ಮಗು ಕುಡಿಯುವ ಲೋಟದಲ್ಲಿ ಒಂದು. ಬಾವಿ ಚೆನ್ನಾಗಿದ್ದು ಲೋಟ ಕೆಟ್ಟಿದ್ದರೆ ಹೊಸ ಬಾವಿ ತೋಡಿ ಪ್ರಯೋಜನವಿಲ್ಲ.

ನಲ್ಲಿಯಿಂದ ತೆಗೆಯುವಾಗ ಬಾಯನ್ನು ಒರೆಸಿ, ಲೋಹದ್ದಾದರೆ ಬೆಂಕಿ ತಾಗಿಸಿ, ಪ್ಲಾಸ್ಟಿಕ್ ಆದರೆ ಆಲ್ಕೋಹಾಲ್ ಹಚ್ಚಿ, ಎರಡು ಮೂರು ನಿಮಿಷ ನೀರು ಬಿಟ್ಟು ಆಮೇಲೆ ತುಂಬಿ. ಮುಚ್ಚಳದ ಒಳಭಾಗ ಮುಟ್ಟಬೇಡಿ, ಅದನ್ನು ನೆಲಕ್ಕೂ ಇಡಬೇಡಿ. ಜನ ಕುಡಿಯುವುದು ಸುಡದ ನಲ್ಲಿಯ ನೀರನ್ನಲ್ಲವೇ ಎಂದು ಒಬ್ಬರಾದರೂ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಸುಟ್ಟು ತೆಗೆದರೆ ಪೈಪಿನ ನೀರಿನ ಗುಣ ತಿಳಿಯುತ್ತದೆ, ಸುಡದೆ ತೆಗೆದರೆ ಕೊಡಕ್ಕೆ ಬೀಳುವ ನೀರಿನದು. ನಿಮ್ಮ ಕೋಷ್ಟಕಕ್ಕೆ ಬೇಕಾದದ್ದು ಯಾವುದೆಂದು ಮೊದಲೇ ಗೊತ್ತುಮಾಡಿ, ಎಲ್ಲೆಡೆ ಅದೇ ರೀತಿ ಮಾಡಿ.

ಕ್ಲೋರಿನ್ ಹಾಕಿದ ನೀರಾದರೆ ಸೋಡಿಯಂ ಥಯೋಸಲ್ಫೇಟ್ ಇರುವ ಬಾಟಲಿ ಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಕೆಲಸ ಮಾಡುತ್ತಲೇ ಇದ್ದು ಫಲಿತಾಂಶ ಸುಳ್ಳು ಹೇಳುತ್ತದೆ. ಬ್ಯಾಕ್ಟೀರಿಯಾ ಮಾದರಿಯನ್ನು ಕತ್ತಲೆಯಲ್ಲಿ, ಐಸ್ ಪೆಟ್ಟಿಗೆಯಲ್ಲಿಟ್ಟು ಆದಷ್ಟೂ 6 ಗಂಟೆಯೊಳಗೆ, ಏನೇ ಆದರೂ 24 ಗಂಟೆ ಮೀರದಂತೆ ಪರೀಕ್ಷೆಗೆ ಹಚ್ಚಿ. ಪಿಎಚ್, ಕ್ಲೋರಿನ್, ಉಷ್ಣತೆ ಆ ಜಾಗದಲ್ಲೇ ನೋಡುವಂಥವು. ಬಾಟಲಿಯ ಮೈಮೇಲೆ ನಂಬರ್ ಬರೆಯಿರಿ, ಮುಚ್ಚಳದ ಮೇಲಲ್ಲ; ಮುಚ್ಚಳಗಳು ಅದಲುಬದಲಾಗುತ್ತವೆ.

ಪ್ರತಿ ದಿನ ಕ್ರಿಮಿಶುದ್ಧ ನೀರಿನ ಒಂದು ಖಾಲಿ ಮಾದರಿಯನ್ನೂ ಅದೇ ದಾರಿಯಲ್ಲಿ ಸಾಗಿಸಿ, ಹತ್ತು ಮಾದರಿಗೊಂದನ್ನು ಒಂದೇ ಜಾಗದಿಂದ ಎರಡು ಬಾಟಲಿಗೆ ತುಂಬಿ ಹೋಲಿಸಿ ನೋಡಿ. ಖಾಲಿ ಮಾದರಿಯಲ್ಲೂ ಬ್ಯಾಕ್ಟೀರಿಯಾ ಬೆಳೆದರೆ ಕೊಳೆ ನಿಮ್ಮ ಕೈಯದ್ದು, ಆ ದಿನದ ಫಲಿತಾಂಶವನ್ನೆಲ್ಲ ಬಿಡಬೇಕು. ಹೊಟ್ಟೆ ಉರಿಯುತ್ತದೆ, ಆದರೂ ಬಿಡಬೇಕು.

ಬ್ಯಾಕ್ಟೀರಿಯಾ ಬೆಳೆಯಲು ಒಂದರಿಂದ ಎರಡು ದಿನ ಬೇಕು, ಶಾಖ ಕಡಿಮೆಯಾದಷ್ಟೂ ಹೆಚ್ಚು ಹೊತ್ತು. ಆದ್ದರಿಂದ ಕೊನೆಯ ಮಾದರಿ ತೆಗೆಯುವ ದಿನ ಹೊರಡುವ ದಿನಕ್ಕಿಂತ ಮೂರು ದಿನವಾದರೂ ಮೊದಲಿರಲಿ.

ಹೋಲಿಸಲು ಮೊದಲು ಆ ದೇಶದ ಮಾನದಂಡ, ನಂತರ ವಿಶ್ವ ಆರೋಗ್ಯ ಸಂಸ್ಥೆಯದು. ಸಂಸ್ಥೆಯ ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ. ಕೋಲೈ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ಒಂದೂ ಇರಬಾರದು. ಲೀಟರಿಗೆ ಆರ್ಸೆನಿಕ್ 10 ಮೈಕ್ರೊಗ್ರಾಂ, ಫ್ಲೋರೈಡ್ 1.5 ಮಿ.ಗ್ರಾಂ, ನೈಟ್ರೇಟ್ 50 ಮಿ.ಗ್ರಾಂ ಮಿತಿ. ನೈಟ್ರೇಟಿನಲ್ಲಿ ಜಾರಿಬೀಳುವವರು ಬಹಳ. ಕೆಲವು ಕಿಟ್‌ಗಳು ನೈಟ್ರೇಟಿನೊಳಗಿನ ಸಾರಜನಕದ ತೂಕವನ್ನು ಮಾತ್ರ ಲೆಕ್ಕಹಿಡಿದು ಅಂಕಿ ತೋರಿಸುತ್ತವೆ, ಆ ಲೆಕ್ಕದಲ್ಲಿ ಮಿತಿ ಸುಮಾರು 11. ಅಂಥ ಕಿಟ್ 20 ತೋರಿಸಿದಾಗ ‘50ಕ್ಕಿಂತ ಕಡಿಮೆ’ ಎಂದು ಬರೆದು ಬಂದರೆ ಕೆಟ್ಟ ಬಾವಿಗೆ ಒಳ್ಳೆಯ ಸರ್ಟಿಫಿಕೇಟ್ ಕೊಟ್ಟಂತೆ.

ಹಂತ 9: ಮನೆಗಳು ಮತ್ತು ಶೌಚಾಲಯಗಳು

ರಸ್ತೆ ಬದಿಯ ಮನೆಗಳನ್ನು ಮಾತ್ರ ಕೇಳಿದರೆ ಊರಿನ ಸ್ಥಿತಿವಂತರ ಕತೆ ಮಾತ್ರ ಸಿಗುತ್ತದೆ. ಮನೆಗಳ ಪಟ್ಟಿ ಮಾಡಿ, ಐದಕ್ಕೊಂದೋ ಏಳಕ್ಕೊಂದೋ ಆರಿಸಿ, ದಿಬ್ಬದ ಮೇಲಿನ ಒಂಟಿ ಮನೆಯ ಸರದಿ ಬಂದರೆ ಹತ್ತಿ ಹೋಗಿ. ಪ್ರಶ್ನಾವಳಿಯನ್ನು ಸ್ಥಳೀಯ ಭಾಷೆಗೆ ಒಬ್ಬರು ತಿರುಗಿಸಲಿ, ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ತಿರುಗಿಸಲಿ. ಮುಖ್ಯಸ್ಥರ ಮಗನನ್ನು ದುಭಾಷಿಯಾಗಿ ಇಟ್ಟುಕೊಳ್ಳಬೇಡಿ. ಉತ್ತರ ತುಂಬಲು ಕೊಬೊ ಟೂಲ್‌ಬಾಕ್ಸ್ ಅಥವಾ ಒಡಿಕೆ ಎಂಬ ಮೊಬೈಲ್ ಸಮೀಕ್ಷಾ ತಂತ್ರಾಂಶಗಳು ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತವೆ.

‘ಕೈ ತೊಳೆಯುತ್ತೀರಾ?’ ಎಂದರೆ ಯಾರು ಇಲ್ಲ ಎನ್ನುತ್ತಾರೆ? ‘ಎಲ್ಲಿ ತೊಳೆಯುತ್ತೀರಿ, ತೋರಿಸಿ’ ಎನ್ನಿ. ನೀರು, ಸಾಬೂನು ಇವೆಯೇ ನೀವೇ ನೋಡಿ. ‘ದಿನಕ್ಕೆ ಎಷ್ಟು ನೀರು?’ ಅಲ್ಲ, ‘ನಿನ್ನೆ ಎಷ್ಟು ಕೊಡ ತಂದಿರಿ?’ ಎಂದು ಕೇಳಿ ಕೊಡವನ್ನೂ ಅಳೆಯಿರಿ.

ಶೌಚಾಲಯವಿದೆ ಎಂದರೆ ಬಳಕೆಯಲ್ಲಿದೆ ಎಂದಲ್ಲ. ಬಾಗಿಲಿಗೆ ಜೇಡರ ಬಲೆ, ದಾರಿಯಲ್ಲಿ ಹುಲ್ಲು, ಒಳಗೆ ಕಟ್ಟಿಗೆ ಕಂಡರೆ ಪ್ರಶ್ನೆ ಕೇಳುವುದೇ ಬೇಡ. ಗುಂಡಿ ತುಂಬಿದಾಗ ಏನು ಮಾಡುತ್ತಾರೆ, ರಾತ್ರಿ ಎಲ್ಲಿಗೆ ಹೋಗುತ್ತಾರೆ, ಮುಟ್ಟಿನ ದಿನಗಳಲ್ಲಿ ಏನು ವ್ಯವಸ್ಥೆ ಎಂಬುದನ್ನು ಹೆಣ್ಣುಮಕ್ಕಳೇ ಹೆಣ್ಣುಮಕ್ಕಳನ್ನು ಕೇಳಲಿ, ಗಂಡಸರಿಲ್ಲದಾಗ. ಗುಂಡಿಗೂ ಬಾವಿಗೂ ದೂರ ಅಳೆಯಿರಿ. 30 ಮೀಟರ್ ಮತ್ತು ಗುಂಡಿಯ ತಳ ಅಂತರ್ಜಲಕ್ಕಿಂತ 1.5 ಮೀಟರ್ ಮೇಲೆ ಎಂಬುದು ಸಾಮಾನ್ಯ ನಿಯಮ. ಬಿರುಕುಬಂಡೆಯ ನೆಲದಲ್ಲಿ ಅದೂ ಸಾಲದು.

ಫೋಟೊಗೆ ಒಪ್ಪಿಗೆ ಬೇಕು. ಮಕ್ಕಳದ್ದಾದರೆ ಹೆತ್ತವರದ್ದು.

ಹಂತ 10: ಪ್ರತಿ ರಾತ್ರಿ, ಮತ್ತು ಕೊನೆಯ ದಿನ

ಅಂದಿನ ಅಂಕಿಗಳನ್ನು ಅಂದೇ ರಾತ್ರಿ ಕೋಷ್ಟಕಕ್ಕೆ ತುಂಬಿ, ಎರಡು ಕಡೆ ಪ್ರತಿ ಇಡಿ. ಕೋಷ್ಟಕದಲ್ಲಿ ಖಾಲಿ ಉಳಿದ ಚೌಕ ನಾಳೆಯ ಕೆಲಸ. ಒಂದನೇ ಹಂತದ ಕೋಷ್ಟಕ ಇಲ್ಲದವರಿಗೆ ಏನು ಉಳಿದಿದೆ ಎಂಬುದೇ ಗೊತ್ತಾಗುವುದಿಲ್ಲ.

ಕೆಟ್ಟ ಫಲಿತಾಂಶ ಬಂದರೆ ಯಾರಿಗೆ, ಯಾವ ಮಾತಿನಲ್ಲಿ ಹೇಳುತ್ತೀರಿ ಎಂಬುದನ್ನು ಸ್ಥಳೀಯ ಸಂಸ್ಥೆ ಮತ್ತು ಆರೋಗ್ಯ ಅಧಿಕಾರಿಯ ಜೊತೆ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಇ. ಕೋಲೈ ಇದ್ದರೆ ಕುದಿಸಿ ಕುಡಿಯಲು ಹೇಳಬಹುದು. ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್ ಇದ್ದಲ್ಲಿ ಆ ಮಾತು ಹೇಳಿದರೆ ಅಪಾಯ: ಕುದಿಸಿದಷ್ಟೂ ನೀರು ಆವಿಯಾಗಿ ಅವು ಗಟ್ಟಿಯಾಗುತ್ತವೆ. ಕಿಟ್ಟಿನಲ್ಲಿ ಆರ್ಸೆನಿಕ್ ಕಂಡರೆ ಪ್ರಯೋಗಾಲಯದಲ್ಲಿ ದೃಢಪಡಿಸಿಕೊಳ್ಳುವ ದಾರಿ ಸಿದ್ಧವಿರಲಿ, ಅಷ್ಟರವರೆಗೆ ಹತ್ತಿರದ ಯಾವ ಮೂಲ ಬಳಸಬಹುದು ಎಂಬುದಕ್ಕೂ ಉತ್ತರವಿರಲಿ.

ಹೊರಡುವ ಮುನ್ನ ಊರ ಸಭೆಯಲ್ಲಿ ಕಂಡದ್ದನ್ನು ಕಂಡಂತೆ ಹೇಳಿ. ‘ಮುಂದಿನ ವರ್ಷ ನಲ್ಲಿ ಬರುತ್ತದಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ‘ಗೊತ್ತಿಲ್ಲ, ಎರಡು ತಿಂಗಳಲ್ಲಿ ವರದಿ ನಿಮ್ಮ ಭಾಷೆಯಲ್ಲೇ ಕಳಿಸುತ್ತೇವೆ’ ಎಂಬ ಉತ್ತರವನ್ನು ತಂಡದ ಎಲ್ಲರೂ ಒಂದೇ ರೀತಿ ಹೇಳುವಂತೆ ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿ.

ಗುರುತು ಹಾಕಿದ ಬಕೆಟ್, ಸ್ಟಾಪ್‌ವಾಚ್, ಗೆರೆ ಎಳೆದ ನೋಟ್‌ಬುಕ್ ಅಲ್ಲೇ ಬಿಟ್ಟು ಬನ್ನಿ. ತಿಂಗಳಿಗೊಮ್ಮೆ ಒರತೆ ಅಳೆಯಲು ಒಪ್ಪಿದವರು ನಿಮ್ಮೆದುರೇ ಒಂದು ಸಲ ಅಳೆದು ಬರೆಯಲಿ. ಅವರಿಗೆ ಮೊದಲ ಫೋನ್ ಯಾವ ದಿನ, ಯಾರು ಮಾಡುತ್ತಾರೆ ಎಂಬುದನ್ನು ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.